ತವರಿನ ಕಡೆಯ ವಂಶವೃಕ್ಷ

ಪೌತಿ ಖಾತೆಗೆ ಅರ್ಜಿ ಹಾಕಿದರೆ ನಾಡಕಚೇರಿಯಲ್ಲಿ ಮೊದಲು ಕೇಳುವುದು ವಂಶವೃಕ್ಷ. ಮಧುಗಿರಿಯಾಗಲಿ, ಮುಳಬಾಗಿಲಾಗಲಿ, ಚಿಂತಾಮಣಿಯಾಗಲಿ, ಆ ಹಾಳೆಯ ರೂಪ ಹೆಚ್ಚುಕಡಿಮೆ ಒಂದೇ. ಮೇಲೆ ಮೂಲಪುರುಷ, ಕೆಳಗೆ ಗಂಡುಮಕ್ಕಳು, ಅವರ ಕೆಳಗೆ ಅವರ ಗಂಡುಮಕ್ಕಳು. ಹಕ್ಕಿನ ಕಾರಣಕ್ಕೆ ಈಗ ಹೆಣ್ಣುಮಕ್ಕಳ ಹೆಸರೂ ಸೇರುತ್ತದೆ, ಆದರೆ ಮದುವೆಯಾಗಿ ಹೋದವಳ ಗೆರೆ ಸಾಮಾನ್ಯವಾಗಿ ಅಲ್ಲಿಗೇ ನಿಲ್ಲುತ್ತದೆ. ಜಮೀನಿನ ಲೆಕ್ಕಕ್ಕೆ ಅಷ್ಟು ಸಾಕು. ಬಿದ್ದ ಗಾಯದಿಂದ ರಕ್ತ ನಿಲ್ಲದ ಮಗು, ನಾಲ್ಕು ವರ್ಷವಾದರೂ ಮೆಟ್ಟಿಲು ಹತ್ತಲಾರದ ಹುಡುಗ, ಕೆಂಪು ಹಸಿರು ಬೇರೆಬೇರೆಯಾಗಿ ಕಾಣದ ಯುವಕ, ಇವರ ಲೆಕ್ಕಕ್ಕೆ ಆ ಹಾಳೆಯಿಂದ ಏನೂ ಸಿಗದು. ಇಂಥ ಕಾಯಿಲೆಗಳು ಅಮ್ಮನ ಮೂಲಕ ಇಳಿಯುವುದರಿಂದ ಅದಕ್ಕೆ ಬೇಕಾದವರು ಅಮ್ಮ, ಅಮ್ಮನ ಅಮ್ಮ, ಸೋದರಮಾವಂದಿರು, ದೊಡ್ಡಮ್ಮ ಚಿಕ್ಕಮ್ಮಂದಿರ ಗಂಡುಮಕ್ಕಳು. ಈ ಸಾಲನ್ನು ಬರೆದಿಡುವ ಕಚೇರಿ ಯಾವುದೂ ಇಲ್ಲ. ಮನೆಯವರೇ ಬರೆಯಬೇಕು, ಹಿರಿಯ ಹೆಂಗಸರು ಬದುಕಿರುವಾಗಲೇ ಬರೆಯಬೇಕು.

ಮೊದಲು ಇವು ತಲೆಮಾರು ದಾಟುವ ದಾರಿಗಳನ್ನು ನೋಡೋಣ. ನಮ್ಮ ಜೀವಕೋಶಗಳಲ್ಲಿ ವಂಶದ ಗುಣಗಳನ್ನು ಹೊತ್ತ 46 ಡಿಎನ್‌ಎ ಎಳೆಗಳು, ಕ್ರೋಮೋಸೋಮ್‌ಗಳು, ಇವೆ, ಅಂದರೆ 23 ಜೋಡಿ. ಈ ಸಂಖ್ಯೆ ಖಚಿತವಾಗಿದ್ದು 1956ರಲ್ಲಿ, ವಿಜ್ಞಾನಿಗಳಾದ ಜೋ ಹಿನ್ ಚಿಯೋ ಮತ್ತು ಆಲ್ಬರ್ಟ್ ಲೆವಾನ್ ಅವರ ಕೆಲಸದಿಂದ. ಅಲ್ಲಿಯವರೆಗೆ 48 ಎಂದೇ ಪಾಠ ಹೇಳುತ್ತಿದ್ದರು. 22 ಜೋಡಿಗಳು ಗಂಡು ಹೆಣ್ಣು ಇಬ್ಬರಲ್ಲೂ ಒಂದೇ ಬಗೆ. ಉಳಿದ ಒಂದು ಜೋಡಿ ಹೆಂಗಸರಲ್ಲಿ ಎರಡು ಎಕ್ಸ್, ಗಂಡಸರಲ್ಲಿ ಒಂದು ಎಕ್ಸ್ ಒಂದು ವೈ. ಎಕ್ಸ್ ದೊಡ್ಡದು: ಸುಮಾರು 15.5 ಕೋಟಿ ಡಿಎನ್‌ಎ ಅಕ್ಷರ, ಪ್ರೋಟೀನು ತಯಾರಿಸಲು ಸೂಚನೆ ಕೊಡುವ 800ಕ್ಕೂ ಹೆಚ್ಚು ಡಿಎನ್‌ಎ ಭಾಗಗಳು, ಅಂದರೆ ಜೀನುಗಳು. ವೈ ಚಿಕ್ಕದು: ಸುಮಾರು 6.2 ಕೋಟಿ ಅಕ್ಷರ, ನೂರರ ಆಸುಪಾಸಿನ ಜೀನುಗಳು. ಅದನ್ನು ತುದಿಯಿಂದ ತುದಿಗೆ ಪೂರ್ತಿ ಓದಿ ಮುಗಿಸಿದ್ದು 2023ರಲ್ಲಷ್ಟೇ. ರಕ್ತ ಹೆಪ್ಪುಗಟ್ಟಿಸುವ ಜೀನು, ಬಣ್ಣ ಕಾಣಿಸುವ ಜೀನು, ಸ್ನಾಯು ಗಟ್ಟಿ ಇಡುವ ಜೀನು ಎಕ್ಸ್ ಮೇಲಿವೆ. ಅವುಗಳಿಗೆ ವೈ ಮೇಲೆ ಬದಲಿ ಪ್ರತಿ ಇಲ್ಲ. ಗಂಡುಮಕ್ಕಳಲ್ಲೇ ಈ ಕಾಯಿಲೆಗಳು ಹೆಚ್ಚು ಕಾಣುವುದಕ್ಕೆ ಇದೊಂದೇ ಕಾರಣ.

ದಾರಿಯ ನಿಯಮ ಸರಳ. ಅಪ್ಪನ ವೈ ಮಗನಿಗೆ ಮಾತ್ರ. ಅಪ್ಪನ ಎಕ್ಸ್ ಮಗಳಿಗೆ ಮಾತ್ರ, ಅದೂ ಎಲ್ಲ ಹೆಣ್ಣುಮಕ್ಕಳಿಗೂ. ಎಕ್ಸ್ ಮತ್ತು ವೈ ತುದಿಗಳಲ್ಲಿ ಮಾತ್ರ ಹೋಲುವ ತುಣುಕುಗಳಿವೆ, ಅಲ್ಲಿ ಅವು ಒಂದಕ್ಕೊಂದು ಕೊಡುಕೊಳ್ಳುವುದುಂಟು. ಅದನ್ನು ಬಿಟ್ಟರೆ ಅಪ್ಪನ ಎಕ್ಸ್ ಮಗಳಿಗೆ ಇದ್ದಂತೆಯೇ ಇಳಿಯುತ್ತದೆ. ಅಮ್ಮನದು ಹಾಗಲ್ಲ. ಅವಳ ಎರಡು ಎಕ್ಸ್‌ಗಳು ಅಂಡಾಣು ರೂಪುಗೊಳ್ಳುವಾಗ ಭಾಗಗಳನ್ನು ಅದಲುಬದಲು ಮಾಡಿಕೊಳ್ಳುತ್ತವೆ, ಹಾಗೆ ಬೆರೆತ ಒಂದು ಎಕ್ಸ್ ಮಗುವಿಗೆ ಹೋಗುತ್ತದೆ, ಮಗ ಮಗಳು ಎಂಬ ಭೇದವಿಲ್ಲದೆ. ಆದ್ದರಿಂದ ತಂದೆಯಿಂದ ಮಗನಿಗೆ ಎಕ್ಸ್ ಎಂದೂ ಹೋಗುವುದಿಲ್ಲ. ಮುಂದಿನ ಲೆಕ್ಕಗಳೆಲ್ಲ ನಿಂತಿರುವುದು ಈ ಒಂದು ಮಾತಿನ ಮೇಲೆ.

ಹಾಗಾದರೆ ಮಗು ಗಂಡೋ ಹೆಣ್ಣೋ ಎಂಬುದು ಎಲ್ಲಿ ತೀರ್ಮಾನವಾಗುತ್ತದೆ? ಅಮ್ಮನ ಅಂಡಾಣುವಿನಲ್ಲಿ ಇರುವುದು ಎಕ್ಸ್ ಮಾತ್ರ. ಅಪ್ಪನ ವೀರ್ಯಾಣುಗಳಲ್ಲಿ ಸುಮಾರು ಅರ್ಧ ಎಕ್ಸ್ ಹೊತ್ತವು, ಅರ್ಧ ವೈ ಹೊತ್ತವು. ಯಾವುದು ಮೊದಲು ತಲುಪಿತೋ ಅಲ್ಲಿಗೆ ಲೆಕ್ಕ ಮುಗಿಯಿತು. 1905ರಲ್ಲಿ ಜೀವವಿಜ್ಞಾನಿ ನೆಟ್ಟಿ ಸ್ಟೀವನ್ಸ್ ಹಿಟ್ಟಿನ ಹುಳುವಿನ ವೀರ್ಯಾಣುಗಳಲ್ಲಿ ಈ ಎರಡು ಬಗೆಯನ್ನು ಸೂಕ್ಷ್ಮದರ್ಶಕದಲ್ಲಿ ಕಂಡು ತೋರಿಸಿದರು. ವೈ ಮೇಲೆ ಗಂಡುತನದ ಕೆಲಸ ಶುರುಮಾಡುವ ಎಸ್‌ಆರ್‌ವೈ ಎಂಬ ಜೀನು ಸಿಕ್ಕಿದ್ದು 1990ರಲ್ಲಿ. ಗರ್ಭದಲ್ಲಿ ಆರನೆಯ ವಾರದವರೆಗೆ ಲಿಂಗಗ್ರಂಥಿ ಎರಡೂ ಕಡೆಗೆ ಒಂದೇ ರೂಪದಲ್ಲಿರುತ್ತದೆ. ಅಲ್ಲಿಂದ ಮುಂದೆ ಆ ಜೀನು ಇದ್ದರೆ ವೃಷಣ, ಇಲ್ಲದಿದ್ದರೆ ಅಂಡಾಶಯ.

ಶಿಡ್ಲಘಟ್ಟದ ಸುತ್ತಿನ ರೇಷ್ಮೆಯವರಿಗೆ ಇನ್ನೊಂದು ವಿಷಯ ಹೇಳಲೇಬೇಕು. ರೇಷ್ಮೆಹುಳುವಿನಲ್ಲಿ ಈ ವ್ಯವಸ್ಥೆ ತಿರುಗಾಮುರುಗಾ. ಅಲ್ಲಿ ಗಂಡಿಗೆ ಎರಡು ಝಡ್, ಹೆಣ್ಣಿಗೆ ಒಂದು ಝಡ್ ಒಂದು ಡಬ್ಲ್ಯೂ. ಮರಿ ಗಂಡೋ ಹೆಣ್ಣೋ ಎಂಬುದು ತಾಯಿ ಚಿಟ್ಟೆಯ ಮೊಟ್ಟೆಯಲ್ಲೇ ನಿಶ್ಚಯ. ಗ್ರೈನೇಜ್‌ಗಳಲ್ಲಿ, ಅಂದರೆ ರೇಷ್ಮೆಮೊಟ್ಟೆ ಕೇಂದ್ರಗಳಲ್ಲಿ, ಮಿಶ್ರತಳಿ ಮೊಟ್ಟೆ ಮಾಡಲು ಗೂಡು ಕತ್ತರಿಸಿ ಪ್ಯೂಪಾ ಬೇರ್ಪಡಿಸುವವರು ನೋಡುವ ಗುರುತು, ಹೊಟ್ಟೆಯ ಎಂಟನೆಯ ಖಂಡದ ಮೇಲಿನ ಗೀರು ಹೆಣ್ಣಿಗೆ, ಒಂಬತ್ತನೆಯದರ ಮೇಲಿನ ಚುಕ್ಕೆ ಗಂಡಿಗೆ, ಆ ಡಬ್ಲ್ಯೂ ಇದೆಯೋ ಇಲ್ಲವೋ ಎಂಬುದರ ಹೊರಗುರುತು. ಕೋಳಿಯಲ್ಲೂ ಹೀಗೆಯೇ. ಹಸುವಿನಲ್ಲಿ ಮಾತ್ರ ನಮ್ಮಂತೆಯೇ ಎಕ್ಸ್ ಮತ್ತು ವೈ. ಕೋಲಾರ, ಚಿಕ್ಕಬಳ್ಳಾಪುರದಲ್ಲಿ ಡೇರಿಗೆ ಹಾಲು ಹಾಕುವವರು ಹೆಣ್ಣು ಕರುವಿಗಾಗಿ ಹಾಕಿಸುವ ಲಿಂಗ ನಿರ್ಧರಿತ ವೀರ್ಯದ ನಳಿಕೆ ಕೆಲಸ ಮಾಡುವುದು ಇದೇ ಆಧಾರದ ಮೇಲೆ. ಹೋರಿಯ ಎಕ್ಸ್ ವೀರ್ಯಾಣುವಿನಲ್ಲಿ ವೈ ವೀರ್ಯಾಣುವಿಗಿಂತ ಸುಮಾರು ಶೇ 4ರಷ್ಟು ಹೆಚ್ಚು ಡಿಎನ್‌ಎ ಇರುತ್ತದೆ. ಬಣ್ಣ ಹಚ್ಚಿ ಲೇಸರ್ ಕೆಳಗೆ ಒಂದೊಂದಾಗಿ ಹಾಯಿಸಿದರೆ ಆ ವ್ಯತ್ಯಾಸ ಗೊತ್ತಾಗಿ ಬೇರ್ಪಡಿಸಬಹುದು, ಹತ್ತರಲ್ಲಿ ಒಂಬತ್ತು ಸಲ ಹೆಣ್ಣು ಕರುವೇ ಹುಟ್ಟುತ್ತದೆ. ಕೊಟ್ಟಿಗೆಯಲ್ಲಿ ಹೋರಿಯ ವೀರ್ಯ ಬದಲಿಸಿ ಹೆಣ್ಣು ಕರು ಪಡೆಯುವ ಮನೆಯಲ್ಲೇ ಮೂರನೆಯದೂ ಹೆಣ್ಣಾಯಿತೆಂದು ಸೊಸೆಯನ್ನು ದೂರುವುದು ನಡೆದಿದೆ. ಇದು ಅನ್ಯಾಯ, ಮತ್ತು ತಿಳಿದುಕೊಂಡರೆ ನಿಲ್ಲಿಸಬಹುದಾದ ಅನ್ಯಾಯ. ಅಪ್ಪನನ್ನು ದೂರುವುದಕ್ಕೂ ಇಲ್ಲಿ ಕಾರಣವಿಲ್ಲ. ಯಾವ ವೀರ್ಯಾಣು ತಲುಪಬೇಕೆಂಬುದು ಅವನ ಕೈಯಲ್ಲಿಲ್ಲ, ಮೂರು ಹೆಣ್ಣಾದ ಮೇಲೂ ನಾಲ್ಕನೆಯದಕ್ಕೆ ಅದೇ ಅರ್ಧಕ್ಕರ್ಧ ಸಾಧ್ಯತೆ. ತಿಂಗಳು ನಿಂತ ಮೇಲೆ ಗಂಡು ಮಗುವಿಗೆಂದು ಕೊಡುವ ನಾಟಿ ಔಷಧಿ ಯಾವುದನ್ನೂ ಬದಲಿಸಲಾರದು, ಅಷ್ಟರಲ್ಲಿ ಕ್ರೋಮೋಸೋಮ್ ನಿರ್ಧಾರವಾಗಿಹೋಗಿರುತ್ತದೆ. ಏನು ಬೆರೆತಿದೆಯೆಂದು ತಿಳಿಯದ ಪುಡಿಯೊಂದು ಮಗುವಿನ ಅಂಗಾಂಗ ರೂಪುಗೊಳ್ಳುವ ವಾರಗಳಲ್ಲೇ ತಾಯಿಯ ಹೊಟ್ಟೆ ಸೇರುತ್ತದೆ, ಅಷ್ಟೇ.

ಈಗ ಗೋತ್ರ, ಬೆಡಗಿನ ಮಾತು. ಇವು ತಂದೆಯಿಂದ ಮಕ್ಕಳಿಗೆ ಬರುತ್ತವೆ, ಮಗನ ಮೂಲಕ ಮುಂದುವರಿಯುತ್ತವೆ. ವೈ ಕ್ರೋಮೋಸೋಮ್ ನಡೆಯುವುದೂ ಇದೇ ದಾರಿಯಲ್ಲಿ. ಒಂದೇ ಬೆಡಗಿನಲ್ಲಿ ಹೆಣ್ಣು ತರಬಾರದು ಎಂಬ ಕಟ್ಟು ತಂದೆಯ ಸಾಲನ್ನು ಮಾತ್ರ ಕಾಯುತ್ತದೆ. ಸೋದರಮಾವನ ಬೆಡಗು ಬೇರೆ, ಅತ್ತೆಯ ಮಗಳ ಬೆಡಗು ಬೇರೆ, ಆದ್ದರಿಂದ ಆ ಮದುವೆಗಳಿಗೆ ಅಡ್ಡಿಯಿಲ್ಲ. ಆದರೆ ಉಳಿದ 22 ಜೋಡಿಗೂ ಎಕ್ಸ್‌ಗೂ ಬೆಡಗಿನ ಹಂಗಿಲ್ಲ. ಬೆಡಗು ಬೇರೆಯೆಂದ ಮಾತ್ರಕ್ಕೆ ರಕ್ತ ಬೇರೆ ಎಂದಾಗುವುದಿಲ್ಲ.

ಎಕ್ಸ್ ದಾರಿ ತಿಳಿಯಲು ಎಲ್ಲಕ್ಕಿಂತ ಸುಲಭದ ಉದಾಹರಣೆ ಬಣ್ಣಗುರುಡು. ಕೆಂಪು ಹಸಿರು ಗುರುತಿಸುವ ಜೀನುಗಳು ಎಕ್ಸ್‌ನ ಉದ್ದ ತೋಳಿನ ತುದಿಯಲ್ಲಿ ಒಂದರ ಪಕ್ಕ ಒಂದಿವೆ. ಒಂದನ್ನೊಂದು ಹೋಲುವುದರಿಂದ ಅದಲುಬದಲಾಗುವಾಗ ತಪ್ಪಿ ಜೋಡಣೆಯಾಗಿ, ಒಂದು ಎಕ್ಸ್‌ನಲ್ಲಿ ಹಸಿರಿನ ಜೀನು ಬಿಟ್ಟುಹೋಗುವುದೋ, ಎರಡು ಸೇರಿ ಅರ್ಧಂಬರ್ಧ ಜೀನಾಗುವುದೋ ಆಗುತ್ತದೆ. ಬಣ್ಣಗುರುಡಿನ ತಾತನಿಂದ ಅದು ಅವನ ಎಲ್ಲ ಹೆಣ್ಣುಮಕ್ಕಳಿಗೂ ಹೋಗುತ್ತದೆ, ಅವರಿಗೆ ಇನ್ನೊಂದು ಎಕ್ಸ್ ಸರಿಯಾಗಿರುವುದರಿಂದ ಬಣ್ಣ ಚೆನ್ನಾಗಿಯೇ ಕಾಣುತ್ತದೆ. ಆ ಹೆಣ್ಣುಮಕ್ಕಳ ಗಂಡುಮಕ್ಕಳಲ್ಲಿ ಒಬ್ಬೊಬ್ಬನಿಗೂ ಅರ್ಧ ಸಾಧ್ಯತೆ. "ಒಂದು ತಲೆಮಾರು ಬಿಟ್ಟು ಬಂತು" ಎನ್ನುತ್ತಾರಲ್ಲ, ಅದು ಬಿಟ್ಟಿರಲಿಲ್ಲ, ಅಮ್ಮನೊಳಗೆ ಇತ್ತು. ತಾತನ ಗಂಡುಮಕ್ಕಳ ಸಾಲಿಗೆ ಅದು ದಾಟುವುದಿಲ್ಲ. ಇದರಿಂದ ಪ್ರಾಣಾಪಾಯವಿಲ್ಲ, ಆದರೆ ರೈಲ್ವೆ, ಪೊಲೀಸ್, ಸೇನೆಯ ಲಿಖಿತ ಪರೀಕ್ಷೆ ದಾಟಿ ವೈದ್ಯಕೀಯದಲ್ಲಿ ಬಣ್ಣದ ಚುಕ್ಕೆಗಳ ನಡುವೆ ಅಂಕಿ ಅಡಗಿಸಿದ ಇಶಿಹಾರ ಪುಸ್ತಕ ಮುಂದಿಟ್ಟಾಗ ಮೊದಲ ಬಾರಿ ಗೊತ್ತಾಗುವುದು ಹುಡುಗನಿಗೆ ದೊಡ್ಡ ಪೆಟ್ಟು. ತಾಯಿಯ ತಂದೆಗೋ ಸೋದರಮಾವನಿಗೋ ಇದ್ದರೆ ಎಂಟು ಹತ್ತು ವರ್ಷಕ್ಕೇ ಕಣ್ಣಿನ ವೈದ್ಯರಲ್ಲಿ ತೋರಿಸಬೇಕು. ಐದು ನಿಮಿಷದ ಪರೀಕ್ಷೆ, ಹಗಲು ಬೆಳಕಿನಲ್ಲಿ ಮಾಡಬೇಕು. ಮೊಬೈಲ್ ಪರದೆಯ ಚಿತ್ರ ನಂಬಬಾರದು, ಪರದೆಯ ಬಣ್ಣ ಒಂದೊಂದರಲ್ಲಿ ಒಂದೊಂದು ಥರ.

ಕುಸುಮ ರೋಗ, ಅಂದರೆ ಹಿಮೋಫಿಲಿಯಾ, ಇದೇ ದಾರಿಯಲ್ಲಿ ಬರುವ ಕಠಿಣ ಕಾಯಿಲೆ. ಎ ಬಗೆಯಲ್ಲಿ ರಕ್ತ ಹೆಪ್ಪುಗಟ್ಟಿಸುವ ಪ್ರೋಟೀನುಗಳಲ್ಲೊಂದಾದ ಫ್ಯಾಕ್ಟರ್ 8ರ ಕೊರತೆ, ಸುಮಾರು 5,000 ಗಂಡುಮಕ್ಕಳಿಗೆ ಒಬ್ಬ. ಬಿ ಬಗೆಯಲ್ಲಿ ಫ್ಯಾಕ್ಟರ್ 9 ಕೊರತೆ, ಅದು ಇನ್ನೂ ವಿರಳ. ಫ್ಯಾಕ್ಟರ್ ಮಟ್ಟ ಶೇ 1ಕ್ಕಿಂತ ಕಡಿಮೆಯಿದ್ದರೆ ತೀವ್ರ, 1ರಿಂದ 5 ಮಧ್ಯಮ, 5ರಿಂದ 40 ಸೌಮ್ಯ. ತೀವ್ರ ಬಗೆಯಲ್ಲಿ ಅಂಬೆಗಾಲಿಡುವಾಗಲೇ ಮಂಡಿ ಊದುತ್ತದೆ, ಲಸಿಕೆ ಹಾಕಿದ ತೊಡೆ ಗಟ್ಟಿಯಾಗಿ ಕಪ್ಪಾಗುತ್ತದೆ, ಸುನ್ನತಿ ಮಾಡಿದಾಗ ರಕ್ತ ನಿಲ್ಲುವುದಿಲ್ಲ. ಪ್ಲೇಟ್‌ಲೆಟ್ ಸರಿಯಿದ್ದು, ರಕ್ತ ಹೆಪ್ಪುಗಟ್ಟುವ ಸಮಯ ಅಳೆಯುವ ಎರಡು ಪರೀಕ್ಷೆಗಳಲ್ಲಿ ಪಿಟಿ ಸರಿಯಿದ್ದು, ಎಪಿಟಿಟಿ ಮಾತ್ರ ಉದ್ದವಾಗಿದ್ದರೆ ಫ್ಯಾಕ್ಟರ್ ಪರೀಕ್ಷೆಗೆ ಹೋಗಬೇಕು. ಇಲ್ಲಿ ಎಡವುವುದು ರಕ್ತ ತೆಗೆಯುವ ಹಂತದಲ್ಲಿ. ನೀಲಿ ಮುಚ್ಚಳದ ಸಿಟ್ರೇಟ್ ಟ್ಯೂಬಿನಲ್ಲಿ ಒಂಬತ್ತು ಪಾಲು ರಕ್ತಕ್ಕೆ ಒಂದು ಪಾಲು ದ್ರಾವಣ ಇರಬೇಕು, ಗೆರೆಯವರೆಗೆ ತುಂಬದಿದ್ದರೆ ಆರೋಗ್ಯವಂತ ಮಗುವಿನ ಎಪಿಟಿಟಿಯೂ ಉದ್ದ ಬರುತ್ತದೆ. ಖಚಿತವಾದ ಮೇಲೆ ಆಸ್ಪಿರಿನ್, ಐಬುಪ್ರೊಫೆನ್ ಮನೆಯೊಳಗೆ ಬರಬಾರದು, ಸ್ನಾಯುವಿಗೆ ಚುಚ್ಚುಮದ್ದು ವೈದ್ಯರಿಗೆ ಹೇಳದೆ ಹಾಕಿಸಬಾರದು.

ಎರಡು ಎಕ್ಸ್‌ಗಳಲ್ಲಿ ಒಂದರಲ್ಲಿ ದೋಷ ಹೊತ್ತ ಅಮ್ಮನ, ಅಂದರೆ ವಾಹಕಿಯ ಬಗ್ಗೆ ಒಂದು ತಪ್ಪು ತಿಳಿವಳಿಕೆ ಆಸ್ಪತ್ರೆಗಳಲ್ಲೂ ಇದೆ: ವಾಹಕಿಗೆ ಏನೂ ಆಗುವುದಿಲ್ಲ, ದಾಟಿಸುವುದಷ್ಟೇ ಅವಳ ಪಾಲು ಎಂಬುದು. 1961ರಲ್ಲಿ ತಳಿವಿಜ್ಞಾನಿ ಮೇರಿ ಲಯನ್ ಹೇಳಿದ್ದನ್ನು ನೆನಪಿಡಬೇಕು. ಹೆಣ್ಣಿನ ಪ್ರತಿ ಜೀವಕೋಶದಲ್ಲೂ ಎರಡು ಎಕ್ಸ್‌ಗಳಲ್ಲಿ ಒಂದು, ಭ್ರೂಣದ ಮೊದಲ ದಿನಗಳಲ್ಲೇ, ಬಹುಮಟ್ಟಿಗೆ ಮುಚ್ಚಿಹೋಗುತ್ತದೆ. ಯಾವುದು ಮುಚ್ಚಬೇಕೆಂಬುದು ಒಂದೊಂದು ಕೋಶದಲ್ಲೂ ಬೇರೆ, ಆ ಕೋಶದ ಸಂತತಿಯೆಲ್ಲ ಅದನ್ನೇ ಪಾಲಿಸುತ್ತದೆ. ಸರಿಯಾದ ಎಕ್ಸ್ ಹೆಚ್ಚು ಕೋಶಗಳಲ್ಲಿ ಮುಚ್ಚಿದ್ದರೆ ವಾಹಕಿಯ ಫ್ಯಾಕ್ಟರ್ ಮಟ್ಟವೂ ಕೆಳಗಿಳಿಯುತ್ತದೆ. ತಿಂಗಳ ಮುಟ್ಟಿನಲ್ಲಿ ಅತಿಯಾದ ಸ್ರಾವ, ಹಲ್ಲು ಕೀಳಿಸಿದಾಗ ನಿಲ್ಲದ ರಕ್ತ, ಹೆರಿಗೆಯ ನಂತರದ ರಕ್ತಸ್ರಾವ ಹೀಗೆ ಬರುತ್ತವೆ. ಫ್ಯಾಕ್ಟರ್ 8 ಬಸಿರಿನಲ್ಲಿ ತಾನಾಗಿ ಏರುತ್ತದೆ, ಹೆರಿಗೆಯಾದ ಕೆಲವು ದಿನಗಳಲ್ಲಿ ಇಳಿಯುತ್ತದೆ. ಆದ್ದರಿಂದ ಬಸಿರಿಗೆ ಮೊದಲೇ ಮಟ್ಟ ಅಳೆಸಬೇಕು, ಬಾಣಂತನದ ಮೊದಲ ವಾರಗಳಲ್ಲಿ ಮೈಮರೆಯಬಾರದು. ಮಟ್ಟ ಸರಿಯಿದೆ ಎಂದ ಮಾತ್ರಕ್ಕೆ ವಾಹಕಿಯಲ್ಲ ಎಂದೂ ಆಗದು, ಅದನ್ನು ಜೀನು ಪರೀಕ್ಷೆಯೇ ಹೇಳಬೇಕು. ತೀವ್ರ ಎ ಬಗೆಯಲ್ಲಿ ನೂರರಲ್ಲಿ ಸುಮಾರು 45 ಮಂದಿಗೆ ಜೀನಿನ ಒಂದು ಭಾಗ ತಲೆಕೆಳಗಾಗಿರುವ ಒಂದೇ ದೋಷ ಇರುವುದರಿಂದ ಪ್ರಯೋಗಾಲಯ ಮೊದಲು ಅದನ್ನೇ ಹುಡುಕುತ್ತದೆ. ವಾಹಕಿಯ ಹೆರಿಗೆಯಲ್ಲಿ ಮಗುವಿನ ತಲೆ ಹಿಡಿದೆಳೆಯುವ ವ್ಯಾಕ್ಯೂಮ್, ಫೋರ್ಸೆಪ್ಸ್ ಬಳಸಬಾರದು, ತಲೆಯೊಳಗೆ ರಕ್ತಸ್ರಾವವಾಗುವ ಅಪಾಯವಿದೆ. ತುಮಕೂರಿನಲ್ಲೇ ಹೆರಿಗೆ ಮಾಡಿಸುವುದಾದರೂ ಈ ಮಾತನ್ನು ತಾಯಿ ಕಾರ್ಡಿನ ಮೇಲೆ ದೊಡ್ಡದಾಗಿ ಬರೆಸಬೇಕು.

ಎಕ್ಸ್ ದಾರಿಯ ಇನ್ನೊಂದು ಕಾಯಿಲೆ ಡುಷೆನ್ ಸ್ನಾಯುಕ್ಷಯ, ಸ್ನಾಯುಗಳು ಕ್ರಮೇಣ ಬಲಗುಂದುವುದು. ಅದರ ಜೀನು ಮನುಷ್ಯನ ಅತಿ ಉದ್ದದ ಜೀನುಗಳಲ್ಲಿ ಒಂದು: 22 ಲಕ್ಷಕ್ಕೂ ಹೆಚ್ಚು ಅಕ್ಷರ, 79 ತುಣುಕು. ಅಷ್ಟು ಉದ್ದ ಇರುವುದರಿಂದಲೇ ಅದು ಹೊಸದಾಗಿ ತುಂಡಾಗುವುದೂ ಹೆಚ್ಚು. ಮಗು ಮೂರು ನಾಲ್ಕು ವರ್ಷಕ್ಕೆ ಪದೇಪದೇ ಬೀಳುತ್ತದೆ, ನೆಲದಿಂದ ಏಳುವಾಗ ತನ್ನ ತೊಡೆಗಳ ಮೇಲೇ ಕೈಯೂರಿ ಏಳುತ್ತದೆ, ಮೀನಖಂಡ ದಪ್ಪಗಿರುತ್ತದೆ. ದಪ್ಪ ಮೀನಖಂಡ ನೋಡಿ ಗಟ್ಟಿಮುಟ್ಟಾಗಿದ್ದಾನೆ ಎಂದುಕೊಳ್ಳುವುದು ಒಂದು ತಪ್ಪು. ಇನ್ನೊಂದು ಇದಕ್ಕಿಂತ ಕೆಟ್ಟದ್ದು: ಜ್ವರಕ್ಕೋ ಮತ್ತೊಂದಕ್ಕೋ ರಕ್ತ ನೋಡಿದಾಗ ಎಸ್‌ಜಿಒಟಿ, ಎಸ್‌ಜಿಪಿಟಿ ಏರಿರುತ್ತವೆ, ಪಿತ್ತಜನಕಾಂಗದ ತೊಂದರೆ ಎಂದು ತಿಂಗಳುಗಟ್ಟಲೆ ಔಷಧಿ ನಡೆಯುತ್ತದೆ. ಇವೆರಡೂ ಪಿತ್ತಜನಕಾಂಗದಲ್ಲಷ್ಟೇ ಅಲ್ಲ, ಸ್ನಾಯುವಿನಲ್ಲೂ ಇರುವ ಪದಾರ್ಥಗಳು. ಕಾಮಾಲೆ ಇಲ್ಲದೆ, ಸ್ನಾಯುವಿನಿಂದ ಏರದ ಪಿತ್ತಜನಕಾಂಗದ ಪರೀಕ್ಷೆ ಜಿಜಿಟಿ ಸರಿಯಿದ್ದು, ಇವೆರಡು ಏರಿರುವ ಗಂಡುಮಗುವಿಗೆ ಸ್ನಾಯುವಿನ ಹಾನಿ ತೋರಿಸುವ ಸಿಪಿಕೆ ಒಂದು ಮಾಡಿಸಿದರೆ ಉತ್ತರ ಸಿಗುತ್ತದೆ. ಸಾಮಾನ್ಯವಾಗಿ ಇನ್ನೂರರ ಒಳಗಿರಬೇಕಾದದ್ದು ಈ ಮಕ್ಕಳಲ್ಲಿ ಹತ್ತು ಸಾವಿರ ದಾಟುವುದು ಮಾಮೂಲು. ಮುಂದಿನದು ಜೀನು ಪರೀಕ್ಷೆ. ಮೊದಲು ಜೀನಿನ ತುಣುಕುಗಳನ್ನು ಎಣಿಸುವ ಎಂಎಲ್‌ಪಿಎ, ಅದರಲ್ಲಿ ನಾಲ್ಕರಲ್ಲಿ ಮೂವರ ದೋಷ, ತುಣುಕು ಬಿಟ್ಟುಹೋದದ್ದೋ ಎರಡಾದದ್ದೋ, ಸಿಕ್ಕಿಬಿಡುತ್ತದೆ. ಸಿಗದಿದ್ದರೆ ಪೂರ್ತಿ ಓದಿಸುವ ಪರೀಕ್ಷೆ. ಎಂಎಲ್‌ಪಿಎ ಸರಿಯಿದೆ ಎಂದು ಅಲ್ಲಿಗೇ ಬಿಟ್ಟರೆ ನಾಲ್ಕನೆಯ ಹುಡುಗ ಕೈತಪ್ಪುತ್ತಾನೆ.

ಸುಮಾರು ಮೂರನೇ ಒಂದು ಪಾಲು ಹುಡುಗರಲ್ಲಿ ದೋಷ ಹೊಸದಾಗಿ ಹುಟ್ಟಿದ್ದು, ಅಮ್ಮನ ರಕ್ತದಲ್ಲಿ ಇರುವುದಿಲ್ಲ. ಆಗಲೂ ಮುಂದಿನ ಬಸಿರು ಪೂರ್ತಿ ನಿಶ್ಚಿಂತೆಯದಲ್ಲ. ಅವಳ ಅಂಡಾಶಯದ ಕೆಲವು ಕೋಶಗಳಲ್ಲಿ ಮಾತ್ರ ದೋಷ ಅಡಗಿರಬಹುದು, ಕೈಯಿಂದ ತೆಗೆದ ರಕ್ತಕ್ಕೆ ಅದು ಗೊತ್ತಾಗದು. ಆದ್ದರಿಂದ ಅಮ್ಮನ ವರದಿ ಸರಿಯಿದ್ದರೂ ಗರ್ಭದಲ್ಲಿ ಪರೀಕ್ಷೆ ಮಾಡಿಸುವಂತೆ ಸಲಹೆ ಕೊಡುತ್ತಾರೆ. ಉಳಿದ ಮೂರನೇ ಎರಡು ಪಾಲಿನಲ್ಲಿ ಅಮ್ಮ ವಾಹಕಿ. ಅವಳ ಅಮ್ಮನೂ ವಾಹಕಿಯಾಗಿದ್ದರೆ, ತಂಗಿಯರಿಗೆ ಒಬ್ಬೊಬ್ಬರಿಗೂ ಅರ್ಧ ಸಾಧ್ಯತೆ. ಇಲ್ಲಿ ಒಂದು ಲೆಕ್ಕ ಎಲ್ಲರೂ ತಿಳಿಯಬೇಕಾದ್ದು. ಆ ತಂಗಿಗೆ ಆರೋಗ್ಯವಂತ ಗಂಡುಮಗ ಒಬ್ಬನಿದ್ದರೆ ಅವಳು ವಾಹಕಿಯಾಗಿರುವ ಸಾಧ್ಯತೆ 1/2ರಿಂದ 1/3ಕ್ಕೆ ಇಳಿಯುತ್ತದೆ, ಇಬ್ಬರಿದ್ದರೆ 1/5, ಮೂವರಿದ್ದರೆ 1/9. ಇಳಿಯುತ್ತದೆ, ಸೊನ್ನೆಯಾಗುವುದಿಲ್ಲ. "ನನಗೆ ಎರಡು ಗಂಡು ಚೆನ್ನಾಗಿವೆ, ನನ್ನ ಮಗಳಿಗೆ ಏನೂ ಇಲ್ಲ" ಎನ್ನುವ ಚಿಕ್ಕಮ್ಮನಿಗೆ ಹೇಳಬೇಕಾದ್ದು ಇದನ್ನೇ. ಹೆಣ್ಣುಮಕ್ಕಳು ಆರೋಗ್ಯವಾಗಿದ್ದಾರೆ ಎಂಬುದರಿಂದ ಈ ಲೆಕ್ಕಕ್ಕೆ ಏನೂ ಸೇರುವುದಿಲ್ಲ.

ನಮ್ಮ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳಲ್ಲಿ ಅಕ್ಕನ ಮಗಳನ್ನು, ಮಾವನ ಮಗಳನ್ನು, ಅತ್ತೆ ಮಗಳನ್ನು ತರುವುದು ಹಳೆಯ ರೂಢಿ. ಆಂಧ್ರದ ಗಡಿಯಾಚೆಯ ನೆಂಟಸ್ತಿಕೆಗಳಲ್ಲೂ ಹಾಗೆಯೇ. ಇಂಥ ಮನೆಯಲ್ಲಿ ಯಾವ ಕಾಯಿಲೆ ಬಂದರೂ "ಒಳಸಂಬಂಧ ಮಾಡಿದ್ದಕ್ಕೆ" ಎನ್ನುತ್ತಾರೆ. ಎಕ್ಸ್ ಕಾಯಿಲೆಗಳ ಮಟ್ಟಿಗೆ, ಗಂಡುಮಕ್ಕಳ ಮಟ್ಟಿಗೆ, ಇದು ನಿಜವಲ್ಲ. ಮಗನಿಗೆ ಎಕ್ಸ್ ಬರುವುದು ಅಮ್ಮನಿಂದ ಮಾತ್ರ, ಅವಳು ಸೋದರಮಾವನನ್ನು ಮದುವೆಯಾಗಿದ್ದರೂ ದೂರದೂರಿನವನನ್ನು ಮದುವೆಯಾಗಿದ್ದರೂ ಮಗನಿಗೆ ಕುಸುಮ ರೋಗ ಬರುವ ಸಾಧ್ಯತೆ ಅಷ್ಟೇ ಇರುತ್ತದೆ. ಒಳಸಂಬಂಧ ನಿಜವಾಗಿ ಹೆಚ್ಚಿಸುವುದು ಉಳಿದ 22 ಜೋಡಿಗಳ ಮೇಲಿನ, ಎರಡೂ ಪ್ರತಿ ಕೆಟ್ಟರೆ ಮಾತ್ರ ಬರುವ ಕಾಯಿಲೆಗಳನ್ನು: ಹುಟ್ಟು ಕಿವುಡಿನ ಹಲವು ಬಗೆಗಳು, ಥಲಸೇಮಿಯಾ, ದೇಹದ ರಾಸಾಯನಿಕ ಕ್ರಿಯೆಯ ಅನೇಕ ದೋಷಗಳು. ಮನೆಯ ತಾತ ಅಜ್ಜಿಯರಲ್ಲಿ ಒಬ್ಬರು ಅಂಥ ಒಂದು ದೋಷದ ವಾಹಕರಾಗಿದ್ದರೆ, ಸೋದರಮಾವ ಅಕ್ಕನ ಮಗಳ ಮದುವೆಯಲ್ಲಿ ಪ್ರತಿ ಮಗುವಿಗೂ ಅದು ಬರುವ ಸಾಧ್ಯತೆ 1/32, ಮಾವನ ಮಗಳು ಅತ್ತೆ ಮಗಳ ಮದುವೆಯಲ್ಲಿ 1/64.

ಎಕ್ಸ್ ವಿಷಯದಲ್ಲಿ ಒಳಸಂಬಂಧ ತಟ್ಟುವುದು ಹೆಣ್ಣುಮಕ್ಕಳಿಗೆ, ಮತ್ತು ಯಾವ ಸಂಬಂಧ ಎಂಬುದರ ಮೇಲೆ ಲೆಕ್ಕ ಬದಲಾಗುತ್ತದೆ. ಹುಡುಗ ತನ್ನ ಸೋದರಮಾವನ ಮಗಳನ್ನು ಮದುವೆಯಾದ ಎನ್ನಿ. ಅವನ ಎಕ್ಸ್ ಅವನ ಅಮ್ಮನದು, ಹುಡುಗಿಯ ಒಂದು ಎಕ್ಸ್ ಆ ಅಮ್ಮನ ಒಡಹುಟ್ಟಿದವನದು. ಇವರಿಗೆ ಹುಟ್ಟುವ ಮಗಳಲ್ಲಿ ಎಕ್ಸ್‌ನ ಯಾವುದೇ ಜಾಗದಲ್ಲಿ ಎರಡೂ ಪ್ರತಿ ಒಂದೇ ಅಜ್ಜಿಯ ಒಂದೇ ಪ್ರತಿಯಾಗಿರುವ ಸಾಧ್ಯತೆ 1/8. ಅದೇ ಹುಡುಗ ಸೋದರತ್ತೆಯ, ಅಂದರೆ ಅಪ್ಪನ ಅಕ್ಕತಂಗಿಯರ ಮಗಳನ್ನು ಮದುವೆಯಾದರೆ ಸಾಧ್ಯತೆ ಸೊನ್ನೆ. ಅಪ್ಪನಿಂದ ಮಗನಿಗೆ ಎಕ್ಸ್ ದಾಟುವುದಿಲ್ಲವಲ್ಲ, ಎರಡು ಮನೆಯನ್ನು ಕೂಡಿಸುವ ಕೊಂಡಿ ಅಲ್ಲೇ ಕಡಿಯುತ್ತದೆ. ಉಳಿದ 22 ಜೋಡಿಗಳಲ್ಲಿ ಈ ಎರಡೂ ಮದುವೆ ಸಮ, 1/16. ಸೋದರಮಾವನೇ ಅಕ್ಕನ ಮಗಳನ್ನು ಮದುವೆಯಾದರೆ ಎಕ್ಸ್‌ನಲ್ಲೂ 1/8, ಉಳಿದವುಗಳಲ್ಲೂ 1/8. ಮಾವನಿಗೇ ಕಾಯಿಲೆ ಇದ್ದರೆ, ಅದು ಅವನ ಅಮ್ಮನಿಂದ ಬಂದದ್ದಾದರೆ, ಅಕ್ಕ ವಾಹಕಿಯಾಗಿರುವ ಸಾಧ್ಯತೆ 1/2, ಅಕ್ಕನ ಮಗಳಿಗೆ 1/4, ಆ ದಂಪತಿಗೆ ಹುಟ್ಟುವ ಪ್ರತಿ ಮಗುವಿಗೂ, ಗಂಡಾಗಲಿ ಹೆಣ್ಣಾಗಲಿ, ಕಾಯಿಲೆ ಬರುವ ಸಾಧ್ಯತೆ 1/8. ಹೆಣ್ಣುಮಗುವಿಗೆ ಪೂರ್ತಿ ಕುಸುಮ ರೋಗ ಬರುವ ಅಪರೂಪದ ದಾರಿಗಳಲ್ಲಿ ಇದೂ ಒಂದು. ಮದುವೆ ಬೇಡ ಎಂದು ಹೇಳುವ ಹಕ್ಕು ಯಾವ ಲೆಕ್ಕಕ್ಕೂ ಇಲ್ಲ. ನಿಶ್ಚಿತಾರ್ಥಕ್ಕೆ ಮೊದಲು ಹುಡುಗಿಯ ರಕ್ತ ಪರೀಕ್ಷೆ ಆಗಿದ್ದರೆ ಮಾತ್ರ ನಿರ್ಧಾರ ಕಣ್ತೆರೆದು ಮಾಡಿದ್ದಾಗುತ್ತದೆ.

ಮನೆಯಲ್ಲಿ ಹಲವರಿಗಿದ್ದ ಮಾತ್ರಕ್ಕೆ ಅದು ವಂಶದ್ದೆನ್ನಲೂ ಬಾರದು. ಪಾವಗಡ, ಬಾಗೇಪಲ್ಲಿ ಕಡೆ ಅಪ್ಪ, ಅಮ್ಮ, ಮಕ್ಕಳೆಲ್ಲರ ಹಲ್ಲೂ ಕಂದುಗಟ್ಟಿರುವ ಮನೆಗಳಿವೆ, ಕಾಲು ಸೊಟ್ಟಗಾದ ಮಕ್ಕಳೂ ಇದ್ದಾರೆ. ಅದು ಕೊಳವೆಬಾವಿ ನೀರಿನ ಫ್ಲೋರೈಡ್. ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ. ಗುರುತಿಸುವುದು ಹೀಗೆ: ಹಲ್ಲಿನ ಕವಚ ರೂಪುಗೊಳ್ಳುವುದು ಸುಮಾರು ಎಂಟು ವರ್ಷದೊಳಗೆ, ಹಾಗಾಗಿ ಒಳ್ಳೆಯ ನೀರಿನ ಊರಿನಿಂದ ಇಪ್ಪತ್ತು ವರ್ಷಕ್ಕೆ ಮದುವೆಯಾಗಿ ಬಂದ ಸೊಸೆಯ ಹಲ್ಲಿಗೆ ಈ ಕಲೆ ಬರುವುದಿಲ್ಲ. ಶುದ್ಧ ನೀರಿನ ಘಟಕ ಬಂದ ಮೇಲೆ ಹುಟ್ಟಿದ ತಮ್ಮನ ಹಲ್ಲು ಅಣ್ಣನದಕ್ಕಿಂತ ಬೆಳ್ಳಗಿರುತ್ತದೆ. ಜೀನಿಗೆ ಇಂಥ ಭೇದ ಗೊತ್ತಿಲ್ಲ.

ಆದರೆ ಇದೇ ಸೀಮೆಯಲ್ಲಿ ಸೊಟ್ಟ ಕಾಲೆಲ್ಲ ಫ್ಲೋರೈಡಿನದೇ ಎಂದುಕೊಂಡರೆ ಇನ್ನೊಂದು ಕಾಯಿಲೆ ಕಣ್ಣಿಗೆ ಬೀಳದೆ ಹೋಗುತ್ತದೆ. ಮೂತ್ರದಲ್ಲಿ ಫಾಸ್ಫೇಟ್ ಸೋರಿಹೋಗುವ, ಎಕ್ಸ್ ಮೇಲಿನ ಒಂದು ರಿಕೆಟ್ಸ್, ಅಂದರೆ ಮಕ್ಕಳ ಮೂಳೆ ಮೆತ್ತಗಾಗುವ ಕಾಯಿಲೆ, ಇದೆ. ಇದರಲ್ಲಿ ಒಂದು ಪ್ರತಿ ಕೆಟ್ಟರೂ ಸಾಕು, ಆದ್ದರಿಂದ ಹೆಣ್ಣುಮಕ್ಕಳಿಗೂ ಬರುತ್ತದೆ. ಮನೆಯ ಚಿತ್ರ ಬರೆದರೆ ಗುರುತು ಎದ್ದು ಕಾಣುತ್ತದೆ: ಗಿಡ್ಡ, ಸೊಟ್ಟಗಾಲಿನ ಅಪ್ಪ, ಅವನ ಹೆಣ್ಣುಮಕ್ಕಳೆಲ್ಲರಿಗೂ ಹಾಗೆಯೇ, ಗಂಡುಮಕ್ಕಳಲ್ಲಿ ಒಬ್ಬನಿಗೂ ಇಲ್ಲ. ನೀರಿನಿಂದ ಬಂದದ್ದು ಹೀಗೆ ಹೆಣ್ಣನ್ನೇ ಆರಿಸಿಕೊಳ್ಳದು. ವಿಟಮಿನ್ ಡಿ ಎಷ್ಟು ಕೊಟ್ಟರೂ ಕಾಲು ನೆಟ್ಟಗಾಗುವುದಿಲ್ಲ. ರಕ್ತದಲ್ಲಿ ಕ್ಯಾಲ್ಸಿಯಂ ಸರಿ, ಫಾಸ್ಫೇಟ್ ಕಡಿಮೆ. ಇಲ್ಲೂ ಒಂದು ಎಡವಟ್ಟು ಆಗುತ್ತದೆ. ಎಷ್ಟೋ ವರದಿಗಳಲ್ಲಿ ಅಚ್ಚಾಗಿರುವುದು ದೊಡ್ಡವರ ಮಿತಿ, 2.5ರಿಂದ 4.5. ಚಿಕ್ಕ ಮಕ್ಕಳಲ್ಲಿ ಇದು ಸಹಜವಾಗಿಯೇ ಹೆಚ್ಚಿರಬೇಕು, ಎರಡು ವರ್ಷದ ಮಗುವಿಗೆ 2.8 ಬಂದರೆ ಅದು ಕಡಿಮೆ. ವರದಿಯಲ್ಲಿ ನಕ್ಷತ್ರದ ಗುರುತು ಇಲ್ಲವೆಂದು ಮಡಚಿಡುವ ಮೊದಲು ಮಕ್ಕಳ ಮಿತಿ ಕೇಳಬೇಕು. ಬೇಗ ಶುರುವಾದರೆ ಫಾಸ್ಫೇಟ್ ಮತ್ತು ಕ್ಯಾಲ್ಸಿಟ್ರಿಯಾಲ್ ಚಿಕಿತ್ಸೆಯಿಂದ ಕಾಲು ಬಹಳ ಮಟ್ಟಿಗೆ ಉಳಿಯುತ್ತದೆ.

ಕ್ರೋಮೋಸೋಮ್ ಎಣಿಕೆಯೇ ತಪ್ಪುವ ಸಂದರ್ಭಗಳನ್ನು ಚುಟುಕಾಗಿ ಹೇಳುತ್ತೇನೆ, ಏಕೆಂದರೆ ಇವು ಸಾಮಾನ್ಯವಾಗಿ ವಂಶಪಾರಂಪರ್ಯವಲ್ಲ. ಒಂದೇ ಎಕ್ಸ್ ಇರುವ ಟರ್ನರ್ ಹುಡುಗಿಯರು ಗಿಡ್ಡಗಿರುತ್ತಾರೆ, ಹೆಚ್ಚಿನವರು ಹದಿನೈದು ದಾಟಿದರೂ ಮೈನೆರೆದಿರುವುದಿಲ್ಲ. ಎಕ್ಸ್ ಎಕ್ಸ್ ವೈ ಇರುವ ಕ್ಲೈನ್‌ಫೆಲ್ಟರ್ ಗಂಡಸರಲ್ಲಿ ವೀರ್ಯಾಣು ಇಲ್ಲದಿರುವುದು ಮದುವೆಯಾಗಿ ವರ್ಷಗಳಾದ ಮೇಲೆ ತಿಳಿಯುತ್ತದೆ, ಅಷ್ಟರೊಳಗೆ ಹೆಂಡತಿ ಹತ್ತು ಪರೀಕ್ಷೆ ಮಾಡಿಸಿಕೊಂಡಿರುತ್ತಾಳೆ. ಮಕ್ಕಳಾಗದ ದಂಪತಿಗೆ ಮೊದಲ ಪರೀಕ್ಷೆ ಗಂಡನ ವೀರ್ಯದ್ದಾಗಬೇಕು, ಅದು ಎಲ್ಲಕ್ಕಿಂತ ಅಗ್ಗದ್ದು, ನೋವಿಲ್ಲದ್ದು.

ಇನ್ನು ಹಾಳೆಗೆ ಬರೋಣ. ಗಂಡಿಗೆ ಚೌಕ, ಹೆಣ್ಣಿಗೆ ವೃತ್ತ. ಕಾಯಿಲೆಯಿದ್ದವರನ್ನು ತುಂಬಿ, ವಾಹಕಿಗೆ ನಡುವೆ ಚುಕ್ಕಿ ಇಡಿ, ತೀರಿಕೊಂಡವರಿಗೆ ಅಡ್ಡಗೆರೆ ಎಳೆಯಿರಿ. ಕಾಯಿಲೆಯ ಮಗುವಿನಿಂದ ಶುರುಮಾಡಿ ಅಮ್ಮನ ಕಡೆ ಕನಿಷ್ಠ ಮೂರು ತಲೆಮಾರು ಹೋಗಬೇಕು. ಬಸಿರು ಇಳಿದದ್ದು, ಹುಟ್ಟಿ ಕೆಲವು ದಿನಕ್ಕೇ ತೀರಿದ ಗಂಡುಮಕ್ಕಳು, "ಚಿಕ್ಕಂದಿನಲ್ಲೇ ಹೋದ" ಸೋದರಮಾವ, ಎಲ್ಲವೂ ಬರಬೇಕು. ವಯಸ್ಸು, ಹೇಗೆ ತೀರಿದರು ಎಂಬುದನ್ನು ಜನ ಹೇಳಿದ ಮಾತಿನಲ್ಲೇ ಬರೆಯಿರಿ: ಹಲ್ಲು ಬಿದ್ದಾಗ ರಕ್ತ ನಿಲ್ಲಲಿಲ್ಲ, ಹತ್ತು ವರ್ಷಕ್ಕೆ ನಡಿಗೆ ನಿಂತಿತು. ರಕ್ತಸಂಬಂಧದ ಮದುವೆಗೆ ಜೋಡಿ ಗೆರೆ. ಕೇಳಬೇಕಾದ್ದು ಅಜ್ಜಿಯನ್ನು, ಅಜ್ಜಿಯ ತಂಗಿಯನ್ನು, ಅದೂ ಗಂಡಸರು ಪಕ್ಕದಲ್ಲಿ ಇಲ್ಲದಾಗ. ಎದುರಿಗಿದ್ದರೆ ಸತ್ತ ಮಕ್ಕಳ ಸಂಖ್ಯೆ ಕಡಿಮೆಯಾಗುತ್ತದೆ.

ಪರೀಕ್ಷೆಗೆ ಬೆಂಗಳೂರಿಗೇ ಹೋಗಬೇಕಾಗುತ್ತದೆ: ನಿಮ್ಹಾನ್ಸ್, ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ, ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್. ಊರಿನಲ್ಲೇ ರಕ್ತ ತೆಗೆಸಿ ಕಳಿಸುವುದಾದರೆ ಟ್ಯೂಬ್ ತಪ್ಪಬಾರದು. ಜೀನು ಪರೀಕ್ಷೆಗೆ ನೇರಳೆ ಮುಚ್ಚಳದ ಇಡಿಟಿಎ, ಮೂರರಿಂದ ಐದು ಎಂಎಲ್. ಕ್ರೋಮೋಸೋಮ್ ಎಣಿಸುವ ಕ್ಯಾರಿಯೋಟೈಪ್‌ಗೆ ಹಸಿರು ಮುಚ್ಚಳದ ಸೋಡಿಯಂ ಹೆಪಾರಿನ್, ಏಕೆಂದರೆ ಅಲ್ಲಿ ಜೀವಕೋಶ ಬದುಕಿದ್ದು ಬೆಳೆಯಬೇಕು. ಅದನ್ನು ಫ್ರೀಜರ್‌ನಲ್ಲಿಟ್ಟರೆ, ಇಡಿಟಿಎಯಲ್ಲಿ ಕಳಿಸಿದರೆ ಕೋಶ ಬೆಳೆಯದೆ "ಮಾದರಿ ಸರಿಯಿಲ್ಲ" ಎಂದು ವಾಪಸು ಬರುತ್ತದೆ. ಒಂದೆರಡು ದಿನದೊಳಗೆ ತಲುಪಬೇಕು.

ಬಸಿರಿನಲ್ಲಿ ಪರೀಕ್ಷೆಗೆ ಎರಡು ಅವಕಾಶ: 11ರಿಂದ 13ನೆಯ ವಾರದಲ್ಲಿ ಮಾಸಿನ, ಅಂದರೆ ಪ್ಲಸೆಂಟಾದ, ಚೂರು, ಅದು ತಪ್ಪಿದರೆ 16ನೆಯ ವಾರದಿಂದ ಗರ್ಭದ ನೀರು. ಅದಕ್ಕೆ ಮೊದಲೇ ಮನೆಯ ದೋಷ ಯಾವುದೆಂದು ಗೊತ್ತಿರಬೇಕು. ಬಸಿರಾದ ಮೇಲೆ ಮೊದಲ ಮಗುವಿನ ಪರೀಕ್ಷೆ ಶುರುಮಾಡಿದರೆ ವರದಿ ಬರುವಷ್ಟರಲ್ಲಿ ವಾರಗಳು ಕಳೆದಿರುತ್ತವೆ. ಮಾಸಿನ ಚೂರಿನ ಜೊತೆ ಅಮ್ಮನ ರಕ್ತವನ್ನೂ ಕಳಿಸಬೇಕು, ಅವಳ ಕೋಶ ಬೆರೆತು ತಪ್ಪು ಉತ್ತರ ಬರಬಾರದಲ್ಲ. 1994ರ ಲಿಂಗಪತ್ತೆ ನಿಷೇಧ ಕಾಯ್ದೆ ಈ ಪರೀಕ್ಷೆಗಳನ್ನು ತಡೆಯುವುದಿಲ್ಲ. ಲಿಂಗದ ಮೂಲಕ ಬರುವ ಅನುವಂಶೀಯ ಕಾಯಿಲೆಗಳಿಗೆ ನೋಂದಾಯಿತ ಕೇಂದ್ರದಲ್ಲಿ, ಮಹಿಳೆಗೆ ಅರ್ಥವಾಗುವ ಭಾಷೆಯ ಒಪ್ಪಿಗೆ ಪತ್ರದೊಂದಿಗೆ ಅವಕಾಶವಿದೆ. ಮಗು ಗಂಡೋ ಹೆಣ್ಣೋ ಎಂದು ಮಾತ್ರ ಯಾರೂ ಹೇಳುವಂತಿಲ್ಲ, ಕಾಯಿಲೆ ತಗಲುತ್ತದೆಯೋ ಇಲ್ಲವೋ ಎಂಬುದಷ್ಟೇ ವರದಿಯಲ್ಲಿರುತ್ತದೆ.

ಮಗುವಿನ ವರದಿ ಬಂದಾಗ ಕಾಯಿಲೆಯ ಹೆಸರೊಂದನ್ನೇ ನೋಡಿ ಬಿಡಬೇಡಿ. ಯಾವ ಜೀನು, ಯಾವ ತುಣುಕು, ಯಾವ ಅಕ್ಷರ ಬದಲಾಗಿದೆ ಎಂಬ ಸಾಲು ಅದರಲ್ಲಿರುತ್ತದೆ. ಅದರ ನಕಲು ದೊಡ್ಡಮ್ಮ, ಚಿಕ್ಕಮ್ಮ, ಅವರ ಮದುವೆಯಾಗದ ಹೆಣ್ಣುಮಕ್ಕಳಿಗೆ ತಲುಪಿಸಬೇಕು. ಆ ಸಾಲು ಕೈಯಲ್ಲಿದ್ದರೆ ಪ್ರಯೋಗಾಲಯ ಅದೊಂದೇ ಜಾಗವನ್ನು ನೋಡಿ ಇದೆ ಇಲ್ಲ ಎಂದು ಹೇಳಬಲ್ಲದು, ಖರ್ಚೂ ಕಡಿಮೆ, ಸಮಯವೂ ಕಡಿಮೆ. ಅದು ಇಲ್ಲದೆ ಹೋದವಳಿಗೆ ಇಡೀ ಜೀನು ಹುಡುಕಬೇಕಾಗುತ್ತದೆ, ಏನೂ ಸಿಗದಿದ್ದರೆ ನಿಜವಾಗಿ ಇಲ್ಲವೋ ಹುಡುಕಲಾಗಲಿಲ್ಲವೋ ಎಂಬ ಅನುಮಾನ ಉಳಿಯುತ್ತದೆ.